ಎದುರುದಾರಳ ಸಿಂಹಾಸನ

ಸೋಮವಾರ ಸಂಜೆ,
ಅಂಗಡಿಯಿಂದ

ಕಪ್ಪು ಕೋಟು ತೊಟ್ಟು ಮೆರೆಯುತ್ತಿರುವ ವಕೀಲರಾದ ನನ್ನ ಮಗಳಿಗೆ,

ಇತ್ತ ನಾನು ಕ್ಷೇಮವಾಗಿಲ್ಲ. ಅತ್ತ ತಾವು ಕ್ಷೇಮವೆಂಬುದು ತಮ್ಮ ಸಹಿಯಿಂದಲೇ ತಿಳಿಯಿತು. ಕೈ ನಡುಗದೆ ಹಾಕಿದ ಸಹಿ. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀರಿ.

ಅಂಚೆಯವನು ರಿಜಿಸ್ಟರ್ ಲಕೋಟೆ ತಂದಾಗ ನಾನು ಬಾಗಿಲಲ್ಲಿ ಕುಳಿತು ರಾಕ್ಷಸನ ಮೀಸೆಗೆ ಅಂಟು ಹಚ್ಚುತ್ತಿದ್ದೆ. ವಕೀಲಳಾದ ಮೇಲೆ ಮಗಳು ಮೊದಲ ಸಲ ಕಾಗದ ಬರೆದಿದ್ದಾಳೆ ಎಂದುಕೊಂಡು, ಕೈ ಒರೆಸಿಕೊಂಡು ಒಡೆದೆ. ಒಳಗೆ ಕೇವಿಯಟ್ ಅರ್ಜಿ. ಓದಿದಷ್ಟೂ ತಲೆಗೆ ಹತ್ತಲಿಲ್ಲ. ಪಕ್ಕದ ಕಟಿಂಗ್ ಶಾಪಿನವನು ತನ್ನ ಭಾಮೈದನ ಜೊತೆ ವರ್ಷಗಟ್ಟಲೆ ಕೋರ್ಟು ಅಲೆದವನು. ಅವನಿಗೆ ತೋರಿಸಿದೆ. ಒಂದು ಕೆನ್ನೆಗೆ ಸೋಪು ಹಚ್ಚಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಬಂದು ಓದಿದ. ಅಕ್ಕಾ, ನೀವು ಕೇಸ್ ಹಾಕ್ತೀರಿ ಅಂತ ಹೆದರಿ ನಿಮ್ಮ ತಮ್ಮ ಮೊದಲೇ ಕೋರ್ಟಿಗೆ ಹೋಗಿದಾರೆ, ನನ್ನನ್ನ ಕೇಳದೆ ಆಕೆಗೆ ಯಾವ ತಡೆಯಾಜ್ಞೆನೂ ಕೊಡಬೇಡಿ ಅಂತ ಬರ್ಕೊಟ್ಟಿದಾರೆ, ಹಾಗೆ ಬರ್ಕೊಟ್ಟರೆ ನಿಮಗೂ ಒಂದು ಪ್ರತಿ ರಿಜಿಸ್ಟರ್ ಮಾಡಲೇಬೇಕು, ಅದು ಕಾನೂನು, ಅಂದ. ಸೋಪಿನ ಗಿರಾಕಿಯೂ ಎದ್ದು ಬಂದು ಇಣುಕಿ, ಹೌದು ಹೌದು, ನಮ್ಮ ಚಿಕ್ಕಪ್ಪನೂ ಹಿಂಗೇ ಮಾಡಿದ್ದ, ಅಂದ. ಇಡೀ ಬೀದಿಗೆ ನಮ್ಮ ಮನೆತನದ ವಿಷಯ ಬಾಯಿಪಾಠವಾಯಿತು.

ಅಂದರೆ ನಾನು ಎದುರುದಾರಳು. ಅರ್ಜಿದಾರ ನನ್ನ ಒಡಹುಟ್ಟಿದ ತಮ್ಮ, ತಮಗೆ ಸೋದರಮಾವ. ಅರ್ಜಿದಾರನ ಪರ ವಕೀಲರು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ನಾಟಕದಲ್ಲಿ ಯಾರಾದರೂ ಪಾತ್ರಗಳನ್ನು ಹೀಗೆ ಹಂಚಿದ್ದರೆ ಪ್ರೇಕ್ಷಕರು ಕುರ್ಚಿ ಎಸೆಯುತ್ತಿದ್ದರು.

ಅಂಗಡಿ ಮಾರುವ ಸುದ್ದಿ ನಿಮ್ಮ ಲಕೋಟೆಯಿಂದ ನನಗೆ ತಿಳಿಯಿತು ಎಂದು ಮಾವ, ಸೊಸೆ ಇಬ್ಬರೂ ಭ್ರಮೆ ಪಡಬೇಡಿ. ತಿಂಗಳ ಹಿಂದೆಯೇ ಗೊತ್ತಿತ್ತು. ದಲ್ಲಾಳಿಯ ಹೆಂಡತಿ ಶಾಲೆಯ ನಾಟಕಕ್ಕೆ ಮಗನಿಗೆ ಕಿರೀಟ ಒಯ್ಯಲು ಬಂದವಳು ಎಲ್ಲವನ್ನೂ ಕಕ್ಕಿದ್ದಳು. ಲಾಡ್ಜ್ ಕಟ್ಟುವವನಿಗಂತೆ. ನನ್ನ ಅಪ್ಪ ತನ್ನ ನಾಟಕ ಕಂಪನಿ ಮುಚ್ಚಿದ ಮೇಲೆ ಪರದೆ, ಕಿರೀಟ, ಗದೆ, ಗಡ್ಡಗಳನ್ನೆಲ್ಲ ತಂದು ತುಂಬಿದ ಕಟ್ಟಡ ಇದು. ಇಬ್ಬರು ಮಕ್ಕಳಿಗೂ ಸೇರಿದ್ದು. ನನ್ನ ತಮ್ಮ ಸಿಮೆಂಟ್ ವ್ಯಾಪಾರಕ್ಕೆ ಹೋದ. ನಾನು ಈ ಗಡ್ಡಗಳನ್ನು ಬಾಡಿಗೆಗೆ ಕೊಟ್ಟು, ಮಗಳಾದ ತಮ್ಮನ್ನು ಓದಿಸಿದೆ. ಕಾನೂನು ಕಾಲೇಜಿನ ಫೀಸು ಕಟ್ಟಿದ್ದು ಇದೇ ರಾಕ್ಷಸನ ಮೀಸೆ ಎಂಬುದನ್ನು ಆ ಎರಡು ಗೆರೆ ಎಳೆಯುವಾಗ ನೆನೆಯಬಹುದಿತ್ತು.

ಹೋಗಲಿ, ತಾವು ನೀವು ಎಂಬುದೆಲ್ಲ ಸಾಕು. ಸಿಟ್ಟಿನಲ್ಲಿ ಬಹುವಚನ ಬಹಳ ಹೊತ್ತು ನಿಲ್ಲುವುದಿಲ್ಲ. ಕೇಳು.

ನೀವಿಬ್ಬರೂ ಹೆದರಿದ ಕೆಲಸವನ್ನೇ ಮಾಡಿಬಿಡೋಣ ಎಂದು ಕೋರ್ಟಿಗೆ ಹೋದೆ. ನಾಟಕದ ನ್ಯಾಯಸಭೆಗಳನ್ನು ನೋಡಿಕೊಂಡು ಬೆಳೆದವಳು ನಾನು. ಅಲ್ಲಿ ನೊಂದವಳು ಮುಡಿ ಬಿಚ್ಚಿಕೊಂಡು ಬಂದು ಗಂಟೆ ಬಾರಿಸಿದರೆ ಸಾಕು, ರಾಜ ನಿದ್ದೆಗಣ್ಣಲ್ಲೇ ಎದ್ದು ಬರುತ್ತಾನೆ. ಇಲ್ಲಿ ಗಂಟೆ ಇಲ್ಲ, ಕಿಟಕಿ ಇದೆ. ಅದೂ ಎದೆಮಟ್ಟಕ್ಕೆ ಕೊರೆದ ಒಂದು ತೂತು. ಒಳಗಿನ ಗುಮಾಸ್ತನ ಮುಖ ಕಾಣಬೇಕಾದರೆ ನಡು ಬಗ್ಗಿಸಬೇಕು. ನ್ಯಾಯ ಕೇಳುವ ಮೊದಲೇ ಎಲ್ಲರೂ ಬಗ್ಗಿರಲಿ ಎಂದು ಯಾವನೋ ಮಹಾನುಭಾವ ಅಳತೆ ಹಿಡಿದು ಕಟ್ಟಿಸಿದ್ದಾನೆ.

ನನ್ನ ವಕೀಲರು ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡಿರುವವರು. ಹಣದ ಮಾತು ಬಂದಾಗಲೆಲ್ಲ ಕೆಮ್ಮುತ್ತಾರೆ. ಕೆಮ್ಮು ಉದ್ದವಾದಷ್ಟೂ ಮೊತ್ತ ದೊಡ್ಡದು. ಅದಕ್ಕೇ ಊರೆಲ್ಲ ಕೆಮ್ಮಿನ ವಕೀಲರು ಅನ್ನುತ್ತದೆ. ಪಾಲು ಕೇಳಿ ಒಂದು ದಾವೆ, ಜೊತೆಗೆ ಮಾರಾಟಕ್ಕೆ ತಡೆ ಕೇಳಿ ಒಂದು ಅರ್ಜಿ ಬರೆದುಕೊಟ್ಟರು. ಕಿಟಕಿಯ ಗುಮಾಸ್ತನ ಅಡ್ಡಹೆಸರು ಆಕ್ಷೇಪಣೆ ಅಣ್ಣ. ಪುಟದ ಸಂಖ್ಯೆ ಇಲ್ಲ ಎಂದು ವಾಪಸ್ ಕೊಟ್ಟ. ಹಾಕಿಸಿ ತಂದೆ. ಪ್ರತಿವಾದಿಗೆ ಕೊಡುವ ಪ್ರತಿ ಎಲ್ಲಿ ಅಂದ. ಜೆರಾಕ್ಸ್ ಮಾಡಿಸಿ ತಂದೆ. ಪ್ರಮಾಣಪತ್ರದಲ್ಲಿ ಸಹಿ ಇದೆ, ತಾರೀಖು ಇಲ್ಲ ಅಂದ. ಎಡಗಡೆ ಅಂಚು ಸಾಲದು, ಹೊಲಿಯುವಾಗ ಅಕ್ಷರ ಒಳಗೆ ಹೋಗುತ್ತೆ ಅಂದ. ಎಲ್ಲ ಒಂದೇ ಸಲ ಹೇಳಿಬಿಡಬಾರದೇನಪ್ಪ ಅಂದೆ. ಒಂದೇ ಸಲ ಹೇಳಿದ್ರೆ ನಿಮಗೇ ಗಾಬರಿ ಆಗುತ್ತಲ್ಲಮ್ಮ, ಅಂದ. ಎಂಥ ಕರುಣೆ. ಕೋರ್ಟ್ ಫೀ ಸ್ಟಾಂಪು ಮಾರುವವನ ಹತ್ತಿರ ಹೋದರೆ ಅವನು ಊಟಕ್ಕೆ ಹೋಗಿದ್ದ. ಅವನು ಬರುವಷ್ಟರಲ್ಲಿ ಕಿಟಕಿಯೇ ಊಟಕ್ಕೆ ಹೋಗಿತ್ತು.

ಊಟ ಮುಗಿಸಿ ಬಂದ ಆಕ್ಷೇಪಣೆ ಅಣ್ಣ ಹೊಸ ಪ್ರಶ್ನೆ ತೆಗೆದ. ಅಮ್ಮಾ, ಸ್ವತ್ತು ನಿಮ್ಮ ಸ್ವಾಧೀನದಲ್ಲಿ ಇದೆಯೋ ಇಲ್ಲವೋ ಅಂದ. ಅದರಿಂದ ನಿನಗೇನಪ್ಪ ಅಂದೆ. ನಂಗೇನೂ ಇಲ್ಲ, ಫೀಗೆ ಇದೆ, ಅಂದ.

ನಿನಗೆ ಇದು ಗೊತ್ತಿರುವ ವಿಷಯ. ನನಗೆ ಮೆಟ್ಟಿಲ ಕೆಳಗೆ ನಿಂತು ಕಲಿಯಬೇಕಾಯಿತು. ಜಂಟಿ ಸ್ವತ್ತಿನಲ್ಲಿ ನಾನೂ ಕುಳಿತಿದ್ದೇನೆ ಅಂದರೆ, ಪಾಲು ಕೇಳುವುದಕ್ಕೆ ಒಂದು ಸಣ್ಣ ಫೀ, ಗೊತ್ತುಮಾಡಿಟ್ಟದ್ದು. ಆದರೆ ನನ್ನನ್ನು ಹೊರಗೆ ಹಾಕಿ ಬೀಗ ಜಡಿದಿದ್ದಾರೆ ಅಂದರೆ, ನನ್ನ ಪಾಲಿಗೆ ಇವತ್ತಿನ ಮಾರ್ಕೆಟ್ ಬೆಲೆ ಕಟ್ಟಿ, ಆ ಬೆಲೆಯ ಮೇಲೆ ಫೀ ತೆರಬೇಕು. ಆ ಮೊತ್ತ ಹೇಳುವ ಮೊದಲು ನನ್ನ ವಕೀಲರು ಕೆಮ್ಮಿದ ಕೆಮ್ಮಿಗೆ ಮೇಜಿನ ಮೇಲಿದ್ದ ಕಾಗದ ಹಾರಿದವು. ಅಂಗಡಿಯ ಕಿರೀಟಗಳನ್ನೆಲ್ಲ ಮಾರಿದರೂ ಅದು ಹುಟ್ಟುವುದಿಲ್ಲ.

ನಾನು ಸುಮ್ಮನಿರಲಿಲ್ಲ. ಕಾರಿಡಾರಿನಲ್ಲೇ ನಿಂತು ಕೂಗಿದೆ. ಬೀಗ ಹಾಕಿದವನಿಗೆ ಬಿಡಿಗಾಸಿನ ಖರ್ಚಿಲ್ಲ, ಬೀದಿಗೆ ಬಿದ್ದವಳು ಮಾತ್ರ ಬೀದಿಗೆ ಬಿದ್ದ ತಪ್ಪಿಗೆ ಹೆಚ್ಚು ತೆರಬೇಕು, ಇದು ಯಾವ ಸೀಮೆಯ ನ್ಯಾಯ ಅಂದೆ. ಮುಳುಗುವವಳ ಹತ್ತಿರ ನೀರಿನ ಆಳ ಅಳೆದು ದೋಣಿಯ ಬಾಡಿಗೆ ಕೇಳುತ್ತೀರಾ ಅಂದೆ. ಅಮ್ಮಾ ಮೆತ್ತಗೆ, ಒಳಗೆ ಜಡ್ಜ್ ಸಾಹೇಬ್ರು ಕೂತಿದಾರೆ, ಎಂದರು ಕೆಮ್ಮಿನ ವಕೀಲರು. ಅವರಿಗೆ ಕೇಳಲಿ ಅಂತಲೇ ಕೂಗಿದ್ದು ಅಂದೆ. ಕೊನೆಯ ಸಾಲಿನ ಕಿವುಡಜ್ಜಿಗೂ ನಿನ್ನ ಮಾತು ಮುಟ್ಟಬೇಕು ಎಂದು ಹೊಡೆದು ಕಲಿಸಿದ ಅಪ್ಪನ ಮಗಳು ನಾನು. ಓದಿದವಳಲ್ಲವೇ ನೀನು? ಇದಕ್ಕೆ ನಿನ್ನ ಪುಸ್ತಕದಲ್ಲಿ ಉತ್ತರ ಇದ್ದರೆ ಬರೆದು ಕಳಿಸು.

ಕೂಗಿ ಮುಗಿದ ಮೇಲೆ ಬುದ್ಧಿ ಬಂತು. ಬೀಗ ಇನ್ನೂ ಬಿದ್ದಿಲ್ಲವಲ್ಲ. ಅಲ್ಲಿಂದ ಓಡುತ್ತಾ ಬಂದೆ. ಕಟಿಂಗ್ ಶಾಪಿನವನನ್ನು ಕರೆದು ಒಳಗಿದ್ದ ಮರದ ಸಿಂಹಾಸನವನ್ನು ಎಳೆಸಿ ಬಾಗಿಲಿಗೆ ಅಡ್ಡ ಹಾಕಿಸಿದೆ. ಎರಡು ಕಡೆ ಸಿಂಹದ ತಲೆಗಳಿರುವ ಅದೇ ಸಿಂಹಾಸನ. ಒಂದರ ಮೂಗನ್ನು ನೀನೇ ಚಿಕ್ಕಂದಿನಲ್ಲಿ ಮುರಿದದ್ದು. ಕುಳಿತೆ.

ಸಂಜೆ ನಿನ್ನ ಮಾವ ಬಂದ. ಕೈಯಲ್ಲಿ ಫಳಫಳ ಹೊಳೆಯುವ ಬೀಗ, ಬೆನ್ನ ಹಿಂದೆ ಇಬ್ಬರು ಆಳುಗಳು. ಅಕ್ಕಾ, ಏನಿದು ವೇಷ, ಏಳು, ಜನ ನೋಡ್ತಿದಾರೆ ಅಂದ. ಜನ ನೋಡಲಿ ಅಂತಲೇ ಕೂತಿರೋದು ಕಣೋ ಅಂದೆ. ಎರಡೇ ದಿನ ಅಕ್ಕ, ಸುಣ್ಣ ಬಣ್ಣ ಹೊಡೆಸಿ ಕೀ ನಿನ್ನ ಕೈಗೇ ಕೊಡ್ತೀನಿ ಅಂದ. ಬಣ್ಣ ಹಚ್ಚೋರ ಮನೇಲಿ ಹುಟ್ಟಿದವಳಿಗೇ ಬಣ್ಣ ಹಚ್ಚೋಕೆ ಬಂದ್ಯಾ ಅಂದೆ. ಒಬ್ಬ ಆಳು ತಲೆ ಕೆರೆದುಕೊಂಡು, ಯಜಮಾನ್ರೇ, ಅಕ್ಕೋರನ್ನ ಸಿಂಹಾಸನದ ಸಮೇತ ಎತ್ತಬೇಕಾ ಇಲ್ಲಾ ಬೇರೆ ಬೇರೆನಾ, ಎಂದು ಕೇಳಿದ. ಕಟಿಂಗ್ ಶಾಪಿನಿಂದ ಒಂದು ನಗು ಎದ್ದಿತು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ನಿನ್ನ ಮಾವನ ಕಿವಿ ಕೆಂಪಗಾಯಿತು. ನಿನ್ನನ್ನ ನೋಡ್ಕೋತೀನಿ ಅಂದ. ಕೋರ್ಟಲ್ಲಿ ನೋಡ್ಕೋ ಅಂದೆ. ಬೀಗವನ್ನು ಜೇಬಿಗೆ ತುರುಕಿಕೊಳ್ಳಲು ಹೋದ, ಹಿಡಿಸಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಹೋದ. ಅಂದಿನಿಂದ ನನ್ನ ಊಟ, ನಿದ್ದೆ ಎಲ್ಲ ಇಲ್ಲೇ. ನಾನು ಕೋರ್ಟಿಗೆ ಹೋದ ಹೊತ್ತಿನಲ್ಲಿ ಕಟಿಂಗ್ ಶಾಪಿನವನ ಹೆಂಡತಿ ಸಿಂಹಾಸನದಲ್ಲಿ ಕುಳಿತು ಸೊಪ್ಪು ಸೋಸುತ್ತಾಳೆ.

ಮರುದಿನ ಮತ್ತೆ ಕಿಟಕಿಗೆ ಬಗ್ಗಿದೆ. ಸ್ವಾಧೀನದಲ್ಲೇ ಇದೀನಪ್ಪ, ಫೀ ಕಟ್ಟಿಸಿಕೋ ಅಂದೆ. ಏನು ಆಧಾರ ಅಂದ. ಕರೆಂಟ್ ಬಿಲ್ಲು ನೋಡಿದರೆ ತಮ್ಮನ ಹೆಸರಲ್ಲಿ, ಕಂದಾಯದ ರಸೀದಿ ಸತ್ತ ಅಪ್ಪನ ಹೆಸರಲ್ಲಿ. ಆಗ ನಿಮ್ಮ ಕೇವಿಯಟ್ ತೆಗೆದು ಕಿಟಕಿಯ ಒಳಗೆ ತಳ್ಳಿದೆ. ಅದರಲ್ಲಿ ನನ್ನ ತಮ್ಮನೇ ತನ್ನ ಸಹಿಯ ಮೇಲೆ ಒಪ್ಪಿಕೊಂಡಿದ್ದಾನೆ, ಸದರಿ ಸ್ವತ್ತು ಅರ್ಜಿದಾರ ಮತ್ತು ಎದುರುದಾರಳ ಜಂಟಿ ಸ್ವಾಧೀನದಲ್ಲಿ ಇರುತ್ತದೆ ಎಂದು. ಆಕ್ಷೇಪಣೆ ಅಣ್ಣ ಎರಡು ಸಲ ಓದಿ, ಪಕ್ಕದ ಸೀಟಿನವನನ್ನು ಕರೆದು, ನೋಡೋ ಇಲ್ಲಿ, ಎದುರು ಪಾರ್ಟಿನೇ ಅಮ್ಮನ ಫೀ ಉಳಿಸಿಕೊಟ್ಟಿದಾನೆ ಅಂದ. ಜೀವಮಾನದಲ್ಲಿ ಮೊದಲ ಸಲ ಆಕ್ಷೇಪಣೆ ಇಲ್ಲದೆ ಸೀಲು ಹೊಡೆದ. ನನ್ನ ತಮ್ಮ ಚಿಕ್ಕಂದಿನಿಂದಲೂ ಬಾಯಿಗೆ ಬಂದದ್ದನ್ನು ಆಡುವವನು. ಅವನು ಆಡಿದ, ನೀನು ಕಣ್ಣು ಮುಚ್ಚಿಕೊಂಡು ಬರೆದೆ. ಇದೇನಾ ನೀನು ಕಲಿತ ಕಾನೂನು? ಇಂಥ ವಕೀಲರನ್ನು ಇಟ್ಟುಕೊಂಡದ್ದಕ್ಕೆ ಅವನು ಅನುಭವಿಸಲಿ.

ಕೊನೆಗೆ ಸಮನ್ಸ್ ಫೀ. ನನ್ನ ತಮ್ಮನನ್ನು ಕೋರ್ಟಿಗೆ ಕರೆಯುವ ಖರ್ಚೂ ನನ್ನದೇ. ಹೊಟ್ಟೆ ತುಂಬ ಉಣ್ಣಲು ಕರೆದಾಗಲೂ ಅವನ ಮೇಲೆ ಇಷ್ಟು ಖರ್ಚಾಗಿರಲಿಲ್ಲ. ದಾವೆಗೆ ನಂಬರು ಬಿದ್ದಿದೆ. ಮುಂದಿನ ಶುಕ್ರವಾರ ನಿಮ್ಮ ಮಾರಾಟದ ನೋಂದಣಿ. ಅದರ ಹಿಂದಿನ ದಿನ, ಗುರುವಾರ, ತಡೆಯಾಜ್ಞೆಯ ವಿಚಾರಣೆ. ಬಾ. ನಿನ್ನ ಮಾವನ ಪಕ್ಕದಲ್ಲಿ ನಿಂತು, ಹೆತ್ತ ತಾಯಿಯನ್ನು ಎದುರುದಾರಳು ಎಂದು ಕರೆ. ನಾನು ಕಣ್ಣಾರೆ ನೋಡಬೇಕು.

ಆಶೀರ್ವಾದ ಕೇಳಬೇಡ. ಅದಕ್ಕೂ ಈಗ ಫೀ ಇದೆ.

ಹೊತ್ತು, ಹೆತ್ತು, ಸಾಕಿ, ಈಗ ವಾದಿಯಾಗಿ ನಿಂತಿರುವ
ನಿನ್ನ ತಾಯಿ

ಬಿಟ್ಟುಹೋದ ಮಾತು, ಬೇರೆ ಚೀಟಿಯಲ್ಲಿ, ನಿನಗೊಬ್ಬಳಿಗೇ:

ಪುಟ್ಟೀ, ಮೇಲಿನ ಹಾಳೆಗಳನ್ನು ನಿನ್ನ ಮಾವನಿಗೂ ನಿನ್ನ ಆಫೀಸಿನ ಸೀನಿಯರ್ ವಕೀಲರಿಗೂ ಧಾರಾಳವಾಗಿ ತೋರಿಸು. ತೋರಿಸಲೆಂದೇ ಬರೆದದ್ದು. ಓದಿದ ಮೇಲೆ ಅವರಿಗೆ ನನ್ನ ಮೇಲೆ ಸಿಟ್ಟು ಬರಲಿ, ನಿನ್ನ ಮೇಲೆ ಅನುಮಾನ ಬರಬಾರದು.

ದಲ್ಲಾಳಿಯ ಹೆಂಡತಿ ಕಿರೀಟಕ್ಕೂ ಬಂದಿರಲಿಲ್ಲ, ಗಡ್ಡಕ್ಕೂ ಬಂದಿರಲಿಲ್ಲ. ನಿನ್ನ ಲಕೋಟೆ ಒಡೆಯುವವರೆಗೆ ನನಗೆ ಏನೂ ಗೊತ್ತಿರಲಿಲ್ಲ. ನೀವು ತೆಪ್ಪಗಿದ್ದಿದ್ದರೆ ಬೀಗವೂ ಬಿದ್ದು, ಮಾರಾಟವೂ ಆಗಿ, ಆ ದೊಡ್ಡ ಫೀ ಕಟ್ಟಲಾರದೆ ನಾನು ಕಿಟಕಿಯ ಮುಂದೆ ಬಗ್ಗಿಯೇ ಇರುತ್ತಿದ್ದೆ. ಕೇವಿಯಟ್ ಅಂದರೆ ನಾಲ್ಕು ಸಾಲು ಇರುತ್ತೆ, ಕೊಳ್ಳುವವನ ಹೆಸರು, ನೋಂದಣಿಯ ದಿನ, ಸ್ವಾಧೀನ ಇಷ್ಟೆಲ್ಲ ಯಾರಮ್ಮ ಬರೀತಾರೆ, ಎಂದು ಕೆಮ್ಮಿನ ವಕೀಲರು ಕೆಮ್ಮದೆ ಕೇಳಿದರು. ನಾನು ಮಾತು ಹಾರಿಸಿದೆ. ಜಂಟಿ ಸ್ವಾಧೀನ ಎಂಬ ಪದ ನನ್ನ ತಮ್ಮನ ಬಾಯಲ್ಲಿ ಹುಟ್ಟುವುದಿಲ್ಲ. ಅವನು ಎಲ್ಲಿ ಸಹಿ ಹಾಕಲಿ ಎಂದು ಕೇಳಿ ಹಾಕುವವನು. ಕಕ್ಷಿದಾರನ ಗುಟ್ಟನ್ನು ವಕೀಲರು ಯಾರಿಗೂ ಬಿಟ್ಟುಕೊಡುವಂತಿಲ್ಲ, ಆದರೆ ಕೇವಿಯಟ್ಟಿನ ಪ್ರತಿಯನ್ನು ನನಗೆ ಕಳಿಸಲೇಬೇಕು. ನಾನು ಏನೂ ಕೇಳುವುದಿಲ್ಲ. ನೀನು ಏನೂ ಹೇಳಬೇಡ.

ಗುರುವಾರ ಕಾರಿಡಾರಿನಲ್ಲಿ ನಿನ್ನನ್ನು ಕಂಡರೆ ಬಾಯಿಗೆ ಬಂದಂತೆ ಬಯ್ಯುತ್ತೇನೆ. ತಲೆ ತಗ್ಗಿಸಿ ನಿಲ್ಲು. ಅಳಬೇಡ, ನಗಲಂತೂ ಬೇಡ, ನಿನಗೆ ತಡೆಯಲಾಗುವುದಿಲ್ಲ ಎಂದು ಗೊತ್ತಿದೆ.

ಇಷ್ಟೆಲ್ಲ ಆರ್ಭಟದಲ್ಲಿ ಒಂದು ಸಿಟ್ಟು ಮಾತ್ರ ನಿಜವಾದದ್ದು. ಸಹಿ ನೀನೇ ಯಾಕೆ ಹಾಕಿದೆ? ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲವೇ? ಗುಟ್ಟು ಬಯಲಾದರೆ ಕೋಟು ಹೋಗುವುದು ನಿನ್ನದು. ಅಂಗಡಿ ಹೋದರೆ ಎಲ್ಲೋ ಒಂದು ಮೂಲೆ ಹಿಡಿದು ಮೀಸೆ ಅಂಟಿಸಿಕೊಂಡು ಬದುಕುತ್ತೇನೆ. ನಮ್ಮಲ್ಲಿ ವಕೀಲರ ಕೋಟು ಮೂರು ನೇತಾಡುತ್ತಿವೆ, ಕೇಳಿದವರಿಗೆ ದಿನದ ಬಾಡಿಗೆಗೆ ಕೊಡುತ್ತೇನೆ. ನಿನ್ನದು ಬಾಡಿಗೆಯದಲ್ಲ, ಪುಟ್ಟೀ.

ಈ ಚೀಟಿಯನ್ನು ಈಗಲೇ ಒಲೆಗೆ ಹಾಕು.