ಬೆಳಿಗ್ಗೆಗೆ ಉಳಿಯುವ ವಾಸನೆ

ಮಾರ್ಚ್ ೯, ಭಾನುವಾರ

ನನ್ನ ಪುಟ್ಟೀ,

ನಿನಗೂ ಅಳಿಯಂದಿರಿಗೂ ಆಶೀರ್ವಾದ, ಕೂಸಿಗೆ ಮುತ್ತು. ಉತ್ತರ ತಡವಾಯ್ತು, ಬೈಕೋ. “ಮೊಮ್ಮಗನಿಗಿಂತ ನಿನಗೆ ಆ ಎಣ್ಣೆ ಕೆಲಸವೇ ಹೆಚ್ಚಾಯ್ತಾ?” ಅಂತ ಕೇಳಿದ್ದೀಯ. ಕೇಳದೆ ಏನು ಮಾಡ್ತೀಯ, ಬಾಣಂತಿ ಮಗಳನ್ನು ಬಿಟ್ಟು ಹೇಳಿದ್ದಕ್ಕಿಂತ ವಾರ ಮೊದಲೇ ಎದ್ದು ಬಂದವಳಲ್ವಾ ನಾನು.

ಇಲ್ಲಿ ಸುಗಂಧರಾಜದ ಸುಗ್ಗಿ. ನಮ್ಮ ಫ್ಯಾಕ್ಟರಿ ಯಜಮಾನರಿಗೆ ಹೊಸ ಹುಚ್ಚು ಹಿಡಿದು ಒಂದೇ ಹೂವಿನ ಎಣ್ಣೆಯನ್ನು ಮೂರು ಥರ ತೆಗೆಸಿದರು. ಹಬೆಗಿಟ್ಟದ್ದು ಬೆಂದು ಹಾಳಾಯ್ತು. ಅಷ್ಟು ನಾಜೂಕಿನ ಹೂವನ್ನು ಬೇಯಿಸೋದುಂಟೇ? ಆಲ್ಕೋಹಾಲ್‌ನಲ್ಲಿ ನೆನೆಸಿದ್ದು ಬಣ್ಣ, ನೀರು, ಹಸಿರು ರಸ ಎಲ್ಲವನ್ನೂ ಬಾಚಿಕೊಂಡು ಬಂತು. ಪೆಟ್ರೋಲಿನಂಥ ಆ ಹೆಕ್ಸೇನ್‌ನಲ್ಲಿ ಹಾಕಿದ್ದು ಮಾತ್ರ ಮೇಣದಂಥ ಮುದ್ದೆಯಾಗಿ ಸರಿಯಾಗಿ ಇಳೀತು. “ನಾನು ಬಡ್ಕೊಂಡೆನಲ್ಲ!” ಅಂದೆ. “ಆಯ್ತು ಮಾರಾಯ್ತಿ” ಅಂತ ನಕ್ಕರು.

ಆಮೇಲೆ ಕಾಗದದ ಪಟ್ಟಿಗೆ ಅದನ್ನು ತಾಗಿಸಿ, ಹೆಕ್ಸೇನ್ ಇನ್ನೂ ಉಳಿದಿದೆಯಾ ನೋಡು ಅಂತ ನನ್ನ ಕೈಗಿಟ್ಟರು. ಮೂಸಿದೆ. ಏನೇನೂ ಇಲ್ಲ. ಪಕ್ಕದಲ್ಲಿ ಕೆಲಸ ಮಾಡ್ತಿದ್ದವಳು ನಿಂತಲ್ಲಿಂದಲೇ “ಥೂ, ಪೆಟ್ರೋಲ್!” ಅಂದಳು. ಸುಳ್ಳು ಹೇಳಿ ಸರಕು ಕೆಡಿಸೋಕೆ ಮನಸ್ಸು ಬರಲಿಲ್ಲ, ನನ್ನ ಮೂಗು ಹೋಗಿದೆ ಅಂತ ಅಲ್ಲೇ ಹೇಳಿಬಿಟ್ಟೆ. ಈ ಚಳಿಗಾಲದಲ್ಲಿ ಬಂದಿತ್ತಲ್ಲ, ಆ ಜ್ವರದಲ್ಲಿ ಹೋದದ್ದು, ಮತ್ತೆ ಬರೋದು ಅನುಮಾನ ಅಂತಾರೆ ಡಾಕ್ಟರು. ಈಗ ನನ್ನನ್ನು ಸೋಸುವ ಕೋಣೆಗೆ ಹಾಕಿದ್ದಾರೆ. ಗಾಬರಿಯಾಗಬೇಡ. ಒಲೆ ಮೇಲೆ ಹಾಲು ಸೀದರೂ ಗೊತ್ತಾಗಲ್ಲ, ಅಷ್ಟೇ.

ಹೊಟ್ಟೆ ತುಂಬ ಉಣ್ಣು. ಕೂಸು ಮಲಗಿದಾಗ ನೀನೂ ಮಲಗು. ನಿಮ್ಮ ಮೂವರ ಮನೆ ನಗ್ತಾ ಇರಲಿ.

ನಿನ್ನ
ಅಮ್ಮ

ತಾ.ಕ.: ಅವತ್ತು ಕೂಸನ್ನು ನನ್ನ ಮಡಿಲಲ್ಲಿಟ್ಟು, “ಫ್ಯಾಕ್ಟರಿಗೇ ಮೂಗು ನೀನು, ಇವನ ನೆತ್ತಿ ಏನು ವಾಸನೆ ಹೇಳಮ್ಮಾ” ಅಂದೆಯಲ್ಲ. ನಾನು “ಹಾಲು” ಅಂದೆ. ಸುಳ್ಳು, ಪುಟ್ಟೀ. ಎಷ್ಟು ಮೂಸಿದರೂ ಏನೂ ಸಿಗಲಿಲ್ಲ. ನೀನು ಹುಟ್ಟಿದಾಗಿನ ನಿನ್ನ ನೆತ್ತಿಯ ವಾಸನೆ ಇವತ್ತಿಗೂ ನೆನಪಿದೆ, ಇವನದು ನನಗೆ ಗೊತ್ತೇ ಇಲ್ಲ. ದಿನಾ ಎತ್ತಿಕೊಂಡು ದಿನಾ ಅಳು ನುಂಗೋಕೆ ಆಗದೆ ಓಡಿ ಬಂದೆ. ಚಿಕ್ಕವಳಿದ್ದಾಗ ನಿನಗೆ ಪಟ್ಟಿ ಮೂಸೋದು ಕಲಿಸಿದ್ದೆ, ನೆನಪಿದೆಯಾ? ಅದ್ದಿದ ಕೂಡಲೇ ಏನು, ಸ್ವಲ್ಪ ಹೊತ್ತಿಗೆ ಏನು, ಬೆಳಿಗ್ಗೆಗೆ ಏನು ಉಳಿಯುತ್ತೆ ಅಂತ. ಹಾಗೇ ಅವನನ್ನು ಮೂಸಿ ಬರಿ. ಮೀಯಿಸಿದ ಕೂಡಲೇ, ಹಾಲು ಕುಡಿದ ಮೇಲೆ, ಬೆಳಿಗ್ಗೆ ಎದ್ದಾಗ. ಬರೀ “ಚೆನ್ನಾಗಿದೆ” ಅಂತ ಬರೆದೆಯೋ, ಕಾಗದ ವಾಪಸ್ ಕಳಿಸ್ತೀನಿ ನೋಡು.