ನಾಲ್ಕು ಗಂಟೆಯ ಅಂಕಿ

ಮನೆಯಿಂದ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಗುಬ್ಬಿ,

ನಿನ್ನೆ ಮಧ್ಯಾಹ್ನ ಊಟವಾಗಿ ಹಾಗೇ ಕಣ್ಣು ಹತ್ತಿದಾಗ ಕೆಟ್ಟ ಕನಸು ಬಿತ್ತು. ನೀನು ಮೂರು ವರ್ಷದವಳು, ನನ್ನ ತೊಡೆಯ ಮೇಲೆ ಕೂತಿದ್ದೀಯ. ಬಲಗೈಯಲ್ಲಿ ತುತ್ತಿನ ಮೇಲೆ ತುತ್ತು ಕೊಡುತ್ತಿದ್ದೇನೆ, ಎಡಗೈಯಲ್ಲಿ ನಿನ್ನ ಮೂಗು ಹಿಡಿದಿದ್ದೇನೆ. ಬಿಡಬೇಕು ಅಂತ ಗೊತ್ತು, ಬೆರಳು ಬಿಡುತ್ತಿಲ್ಲ. ಎದ್ದಾಗ ಅಂಗಿಯೆಲ್ಲ ಒದ್ದೆ. ಅಮ್ಮನಿಗೆ ಹೇಳಿದರೆ, "ಗಡಿಯಾರಕ್ಕೆ ಕೀ ಕೊಡೋದು ಮರೀತೀರಿ, ಚಿಂತೆಗೆ ಮಾತ್ರ ದಿನಾ ಕೊಡ್ತೀರಿ" ಅಂದಳು. ನೀನು ಹೇಗಿದ್ದೀಯ? ಹೊಟ್ಟೆನೋವು ಹೋಯಿತೇ? ದೊಡ್ಡಮ್ಮನ ಮನೆಯಲ್ಲಿ ಸಂಕೋಚಪಟ್ಟು ಅರ್ಧ ಹೊಟ್ಟೆ ಉಣ್ಣಬೇಡ. ಅವಳ ಬಾಯಿ ಜೋರು, ಮನಸ್ಸು ಬೆಣ್ಣೆ. ಇಲ್ಲಿ ನಾವು ಇದ್ದೇವೆ, ಅಷ್ಟೇ. ನನ್ನ ಮಂಡಿನೋವು ಎಲ್ಲಿಗೂ ಹೋಗಿಲ್ಲ, ಅದಾದರೂ ನನ್ನನ್ನು ಬಿಟ್ಟುಹೋಗಿಲ್ಲವಲ್ಲ.

ನಿನ್ನ ಕಾಗದ ತಲುಪಿತು. "ಅಪ್ಪ, ನನ್ನ ಕೈಯೇ ಸರಿಯಿಲ್ಲ. ಸರಕು ಕೆಟ್ಟಿದ್ದು ನನ್ನಿಂದಲೇ ಅಂತ ಇಪ್ಪತ್ತರೊಳಗೆ ತಪ್ಪೊಪ್ಪಿಗೆಗೆ ರುಜು ಹಾಕಿ ಕಳಿಸಿಬಿಡ್ತೀನಿ" ಅಂತ ಬರೆದಿದ್ದೀಯ. ಅದನ್ನು ತೆಗೆದು ಓದಿ, ತೆಗೆದು ಓದಿ, ಕಾಗದ ಮಡಿಕೆಯಲ್ಲೇ ಹರಿದಿದೆ. ಹಾಗೆ ರುಜು ಹಾಕಿದವರನ್ನು ಯಾವ ಲ್ಯಾಬೂ ಬಾಗಿಲಿಗೂ ಸೇರಿಸುವುದಿಲ್ಲ ಅಂತ ಹೇಳಿದವಳು ನೀನೇ. ಫ್ಯಾಕ್ಟರಿಯಲ್ಲಿ ಲ್ಯಾಬಿನ ದೊಡ್ಡವರು ಸಿಕ್ಕಸಿಕ್ಕವರ ಮುಂದೆ ಅದೇ ರಾಗ ಎಳೆಯುತ್ತಿದ್ದಾರೆ: "ಹುಡುಗಿ ಎಂಜೈಮು ಕಮ್ಮಿ ತೂಗಿದ್ದಾಳೆ, ಅದು ಅರ್ಧ ದಾರೀಲೇ ಸುಸ್ತಾಯ್ತು." ಚಿಕ್ಕವಳಿದ್ದಾಗ ಉಪ್ಪನ್ನೂ ಚಮಚದ ಅಂಚಿಗೆ ಮಟ್ಟ ಮಾಡಿ ತೆಗೆಯುತ್ತಿದ್ದವಳು ನೀನು, ಕಮ್ಮಿ ತೂಗುತ್ತೀಯಾ? ಅನ್ನಬೇಕು ಅನಿಸುತ್ತದೆ. ಆದರೆ ತಲೆ ತಗ್ಗಿಸಿ ಬಾಟ್ಲಿ ತುಂಬುತ್ತೇನೆ.

ಆ ದಿನವೇ ಕಣ್ಣಮುಂದೆ ಬರುತ್ತದೆ. ಲ್ಯಾಬಿನಿಂದ ನಿನಗೆ ವಹಿಸಿದ್ದ ಟ್ಯಾಂಕು ನೋಡಿಕೊಳ್ಳುವವನು ರಜೆ ಹಾಕಿದ್ದ. "ಮಗಳ ಟ್ಯಾಂಕನ್ನ ಅಪ್ಪನೇ ಕಾಯ್ಲಿ ಬಿಡ್ರೋ" ಅಂತ ಮೇಸ್ತ್ರಿ ನಗುತ್ತಾ ನನ್ನನ್ನು ಬಾಟ್ಲಿ ವಿಭಾಗದಿಂದ ಕಳಿಸಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಎಂಥ ಹೆಮ್ಮೆ! ನೀನು ಹೇಳಿಕೊಟ್ಟಿದ್ದು ಬಾಯಿಪಾಠ: "ಎಂಜೈಮು ಅಡುಗೆಯವನ ಥರ ಅಪ್ಪ, ತಾನು ಬೇಯಲ್ಲ, ಬೇಯಿಸ್ತಾನೆ. ನಾವು ಆಲ್ಕೋಹಾಲು ಕೊಟ್ರೆ ಆಲ್ಡಿಹೈಡು, ಅಂದ್ರೆ ನೀನು ಬಾಟ್ಲಿಗೆ ತುಂಬೋ ಬಾದಾಮಿ ಎಸೆನ್ಸು, ಮಾಡಿ ಬಡಿಸ್ತಾನೆ." ಕುಡಿಯೋ ಆಲ್ಕೋಹಾಲಾ ಅಂತ ನಾನು ಕೇಳಿದ್ದಕ್ಕೆ ನೀನು ಹಣೆ ಚಚ್ಚಿಕೊಂಡಿದ್ದೆ, ನೆನಪಿದೆಯಾ? ಪಂಪು ಆಲ್ಕೋಹಾಲನ್ನು ತೊಟ್ಟು ತೊಟ್ಟಾಗಿ ಹಾಕುತ್ತಿತ್ತು, ಅಡಿಯಿಂದ ಗಾಳಿಯ ಗುಳ್ಳೆ ಏಳುತ್ತಿತ್ತು, ನೀನು ಅರ್ಧ ಗಂಟೆಗೊಮ್ಮೆ ಸೀಸೆಯಲ್ಲಿ ಮಾದರಿ ಹಿಡಿದು ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದೆ. ಮೂರರ ಹೊತ್ತಿಗೆ ಕೋಣೆಯೆಲ್ಲ ಕಹಿ ಬಾದಾಮಿಯ ಘಮ. ಬಾಟ್ಲಿಯೊಳಗೆ ಮುಚ್ಚಿಟ್ಟಿದ್ದನ್ನೇ ಹನ್ನೊಂದು ವರ್ಷ ನೋಡಿದವನು ನಾನು. ನಮಗೆ ಕಲಿಸಿದ್ದು ಒಂದೇ ಪಾಠ, ಗಾಳಿಯೇ ಶತ್ರು. ಕುತ್ತಿಗೆಯವರೆಗೆ ತುಂಬಿ ಬಿರಡೆ ಒತ್ತದಿದ್ದರೆ ಬಾಯಂಚಿಗೆ ಬಿಳಿ ಹರಳು ಕಟ್ಟುತ್ತದೆ, ಘಮ ಸಾಯುತ್ತದೆ. ಒಮ್ಮೆ ಹಾಗೆ ಹರಳು ಕಟ್ಟಿದಾಗ ಮೇಸ್ತ್ರಿ ಎಲ್ಲರೆದುರು ನನ್ನ ಮರ್ಯಾದೆ ತೆಗೆದಿದ್ದ. ಆ ಘಮದ ಸರಕು ಹುಟ್ಟುವುದನ್ನು ನಿನ್ನ ಟ್ಯಾಂಕಿನಲ್ಲೇ ಮೊದಲು ನೋಡಿದ್ದು. ಮಾರನೇ ದಿನ, ಸರಕು ಅರ್ಧಕ್ಕೇ ನಿಂತಿದೆ ಅಂತ, ಅಷ್ಟನ್ನೂ ಚೆಲ್ಲಿದರು. ಈಗ ಆ ಘಮ ಮೂಗಿಗೆ ಬಡಿದರೆ ಮುಖ ತಿರುಗಿಸುತ್ತೇನೆ.

ನಿನ್ನ ಪುಸ್ತಕ ರದ್ದಿಯವನಿಗೆ ಹಾಕಿ ಅಂದಿದ್ದೀಯ. ಅಮ್ಮ ಅಳುತ್ತಾ ಕಟ್ಟಿಟ್ಟಳು, ನಾನು ಬಿಚ್ಚಿದೆ, ಅವಳು ಮತ್ತೆ ಕಟ್ಟಿದಳು. ಕಟ್ಟು ಬಾಗಿಲ ಹತ್ತಿರವೇ ಕೂತಿದೆ. ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಅದರ ಪಕ್ಕ ನಿಂತುಬಿಡುತ್ತೇನೆ, ಹೊಸ್ತಿಲು ದಾಟಲು ಕಾಲು ಬರುವುದಿಲ್ಲ.

ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತು ಹೊತ್ತಿಗೆ ಉಣ್ಣು ತಾಯಿ. ನನ್ನ ಪಾಲಿನ ಒಳ್ಳೆಯದೇನಾದರೂ ಉಳಿದಿದ್ದರೆ ಅದು ನಿನಗಿರಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತಿದ್ದಲ್ಲ, ಕೈ ಬರಲಿಲ್ಲ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಆವತ್ತು ನಾಲ್ಕರ ಟೀ ಗಂಟೆ ಹೊಡೆದಾಗ ನಿನ್ನನ್ನು ಲ್ಯಾಬಿಗೆ ಕರೆದರಲ್ಲ, ಆಮೇಲಿನ ಸೀಸೆಗಳನ್ನು ನಾನೇ ಹಿಡಿದು ಅಲ್ಲಿಗೆ ನಿನಗೆ ಕಳಿಸಿದೆನಲ್ಲ. ನೀನು ಹೋದ ಕೂಡಲೇ, ಗುಳ್ಳೆಯ ಜತೆ ಘಮ ಹಾರಿಹೋಗುತ್ತದೆ, ನಿನ್ನ ಸರಕು ಹರಳು ಕಟ್ಟುತ್ತದೆ ಅಂತ ಹೆದರಿ ಗಾಳಿಯ ನಲ್ಲಿ ತಿರುಗಿಸಿ ನಿಲ್ಲಿಸಿದೆ. ಪಂಪು ತೊಟ್ಟು ಹಾಕುತ್ತಲೇ ಇತ್ತು. ಆರಕ್ಕೆ ಮೇಸ್ತ್ರಿಯ ಸದ್ದು ಕೇಳಿ ನಲ್ಲಿಯನ್ನು ಮೊದಲಿದ್ದ ಹಾಗೇ ತಿರುಗಿಸಿಟ್ಟೆ. ಯಾರಿಗೂ ಹೇಳಿಲ್ಲ. ಹೋದ ವಾರ ಫಿಟ್ಟರನನ್ನು ಸುಮ್ಮನೆ ಕೇಳುವವನ ಹಾಗೆ ಕೇಳಿದೆ. "ಎಂಜೈಮಿಗೆ ಗಾಳೀನೇ ಉಸಿರು. ಗಾಳಿ ನಿಲ್ಲಿಸಿ ಆಲ್ಕೋಹಾಲು ಹಾಕ್ತಾ ಹೋದ್ರೆ ಅದರಲ್ಲೇ ಮುಳುಗಿ ಸಾಯುತ್ತೆ" ಅಂದ. ರುಜು ಹಾಕಬೇಡ ಗುಬ್ಬಿ. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ಇನ್ನೊಂದು ಸಲ ನೋಡು. ಅಂಕಿ ಏರುವುದು ನಿಂತಿದ್ದು ನಾಲ್ಕಕ್ಕೆ ಮುಂಚೆಯೋ, ಆಮೇಲೋ? ಆಮೇಲೆ ಅಂತಿದ್ದರೆ ಅಪ್ಪನಿಗೆ ನೋವಾಗುತ್ತದೆ ಅಂತ ಮುಂಚೆ ಅನ್ನಬೇಡ. ಅಲ್ಲಿ ಏನಿದೆಯೋ ಅದನ್ನೇ ಬರೆ.