ತೇಪೆಯ ಮೇಲೊಂದು ಮನೆ

ಮಾರ್ಚ್ 4

ಕಪ್ಪು ಕೋಟಿನ ಒಳಪದರು ಮುಗಿಯಿತು. ಗುಂಡಿ ಬಾಕಿ. ಮಧ್ಯಾಹ್ನ ಅಂಗಡಿ ಮುಚ್ಚಿ, ಮನೆ ಕೊಳ್ಳುವ ಸಾಲಕ್ಕೆ ಮಗನ ಜೊತೆ ಬ್ಯಾಂಕಿಗೆ ಹೋಗಿ ಬಂದೆ. ಇದು ಎರಡನೆಯ ಬ್ಯಾಂಕು. ಮೊದಲನೆಯವರು ನನ್ನ ವಯಸ್ಸು ಕೇಳಿಯೇ ಫೈಲು ಮುಚ್ಚಿದ್ದರು.

ಇಲ್ಲಿ ಮ್ಯಾನೇಜರ್ ಮಗನಿಗಿಂತ ಚಿಕ್ಕವನು. ಕೂತ್ಕೊಳ್ಳಿ ಅಂದ. ಅಷ್ಟು ಮರ್ಯಾದೆ ಇತ್ತು.

"ಅಮ್ಮಾ, ನಿಮ್ಮ ಹೆಸರಲ್ಲಿ ಒಂದು ಸಾಲದ ದಾಖಲೆನೂ ಇಲ್ವಲ್ಲ."

"ಇರಲ್ಲ. ಯಾರ ಹತ್ರನೂ ಕೈ ಚಾಚಿದವಳಲ್ಲ ನಾನು."

"ಅದೇ ತೊಂದ್ರೆ. ತಗೊಂಡು ತೀರಿಸಿದ್ರೆ ತಾನೆ ತೀರಿಸ್ತೀರಿ ಅಂತ ಗೊತ್ತಾಗೋದು? ಸ್ಕೋರೇ ಬರ್ತಿಲ್ಲ."

ಸ್ಕೋರಂತೆ. ಪರೀಕ್ಷೆಗೇ ಕೂರದವಳನ್ನು ಫೇಲು ಮಾಡಿದ ಹಾಗೆ.

ಮಗನ ಸ್ಕೋರು ಬಂತು. ಬಾರದಿದ್ದರೇ ಚೆನ್ನಾಗಿತ್ತು. ಬೈಕಿನ ಕಂತು ತಪ್ಪಿಸಿದ್ದನಂತೆ, ಒಂದಲ್ಲ, ಸಾಲಾಗಿ. ನನಗೆ ಹೇಳಿರಲಿಲ್ಲ. ಮ್ಯಾನೇಜರ್ ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದ. ಹಿಂದೆ ಸರದಿಯಲ್ಲಿ ನಿಂತವರೂ ಓದಿರಬೇಕು.

ಬಾಡಿಗೆ ಮನೆ. ಮಾಲೀಕ ಮಾರುತ್ತಿದ್ದಾನೆ, ನಮಗಾಗಿ ಏಪ್ರಿಲ್ ಕೊನೆವರೆಗೆ ಕಾಯುತ್ತಾನೆ. ಆಮೇಲೆ ಈ ಮನೆ, ಮೇಲಿನ ಎರಡು ಕೋಣೆ, ಕೆಳಗಿನ ಹೊಲಿಗೆ ಅಂಗಡಿ, ಎಲ್ಲ ಔಷಧಿ ಅಂಗಡಿಯವನಿಗೆ. ಆಗಲೇ ಬಂದು ಟೇಪು ಹಿಡಿದು ಗೋಡೆ ಅಳೆದು ಹೋದ. ನಾನು ಒಳಗೆ ಇರುವಾಗಲೇ.

ಮಾರ್ಚ್ 9

ಎದುರಿನ ಬೀಗದ ಅಂಗಡಿಯವನು ಬಂದ. ಕೀಲಿ ಮಾಡುವುದಕ್ಕಿಂತ ಮಾತಾಡುವುದು ಹೆಚ್ಚು.

"ಅಕ್ಕಾ, ಬ್ಯಾಂಕಿನೋರು ಆಗಲ್ಲ ಅಂದ್ರಂತೆ?"

ಮಗ ಡಂಗುರ ಹೊಡೆದಿದ್ದಾನೆ. ಕತ್ತರಿ ಕೆಳಗಿಡಲಿಲ್ಲ.

"ಮನೆಸಾಲ ಕೊಡೋ ಕಂಪನಿ ಒಂದಿದೆ. ಬ್ಯಾಂಕಿನೋರು ಕಾಗದ ನೋಡ್ತಾರೆ, ಇವ್ರು ಅಂಗಡಿ ನೋಡ್ತಾರೆ. ಒಂದಿನ ಬಂದು ಕೂತು, ಏನ್ ಕೆಲಸ ಬರತ್ತೆ ಅಂತ ಬರ್ಕೊಂಡು ಹೋಗ್ತಾರೆ. ನಂಗೆ ಹಾಗೇ ಕೊಟ್ಟಿದ್ದು. ಬಡ್ಡಿ ಒಂಚೂರು ಜಾಸ್ತಿ."

"ನಿನಗೆ ಕೊಟ್ಟಿದ್ದಾರೆ ಅಂದ್ರೆ ಕಣ್ಣು ಮುಚ್ಕೊಂಡು ಕೊಟ್ಟಿರ್ಬೇಕು" ಅಂದೆ. ನಕ್ಕ. ನಂಬರು ಬರೆದು ಮೇಜಿನ ಮೇಲಿಟ್ಟು ಹೋದ. ಸಂಜೆವರೆಗೆ ಮುಟ್ಟಲಿಲ್ಲ. ಆಮೇಲೆ ಫೋನ್ ಮಾಡಿದೆ. ಇವನಿಂದ ಉಪಕಾರ...

ಮಾರ್ಚ್ 16

ನಾಳೆ ಸಾಲದ ಕಂಪನಿಯವರು ಬರುತ್ತಾರೆ. ನೆಲ ತಿಕ್ಕಿಸಿದೆ. ಮುಂದಿನ ಗಾಜಿಗೆ ಸೋಪು ಹಾಕಿ ನಾನೇ ಒರೆಸಿದೆ. ಮುಗಿದ ಕೋಟುಗಳನ್ನು ಸಾಲಾಗಿ ನೇತು ಹಾಕಿದೆ.

ತೇಪೆ ಕೆಲಸದ ಚೀಲಗಳದ್ದೇ ಯೋಚನೆ. ಆಸ್ಪತ್ರೆ ದಾದಿಯರ ಅಂಗಿ, ವಸತಿಗೃಹದ ಹರಿದ ಹಾಸಿಗೆ ಬಟ್ಟೆ, ಯಾರದೋ ಮೊಣಕಾಲು ಸವೆದ ಪ್ಯಾಂಟು. ಬೋರ್ಡಿನಲ್ಲಿ 'ಹೊಸ ಉಡುಪು ಮಾತ್ರ' ಎಂದಿದೆ. ಬರೆಸಿದವಳು ನಾನೇ. ತೇಪೆ ಕೆಲಸ ಹಿಂಬಾಗಿಲಿಂದ ಬರುತ್ತದೆ, ಹಿಂಬಾಗಿಲಿಂದ ಹೋಗುತ್ತದೆ. ಹಿಂದಿನ ಕೋಣೆಯಲ್ಲಿ ಸೊಸೆ ಮಾಡುತ್ತಾಳೆ.

ಎಲ್ಲ ಕಟ್ಟಿ ಬೀಗದವನ ಅಂಗಡಿಗೆ ಸಾಗಿಸಿದೆ. ಸೊಸೆಗೆ ತವರಿಗೆ ಹೋಗಿ ಬಾ ಅಂದೆ.

"ಅತ್ತೆ, ಅದನ್ನೂ ತೋರಿಸಿದ್ರೆ ಒಳ್ಳೇದೇನೋ..."

"ಬಂದೋರ ಮುಂದೆ ಊರಿನ ಹಳೆ ಬಟ್ಟೆ ಹರಡ್ತೀಯಾ? ಮಾನ ಬೇಡ್ವಾ?"

ಸುಮ್ಮನಾದಳು. ಅವಳು ಹೀಗೆ ಸುಮ್ಮನಿರುವುದು ನನಗೆ ಹಿಡಿಸುತ್ತದೆ.

ಮಾರ್ಚ್ 17

ಬಂದಿದ್ದು ಒಬ್ಬ ಹುಡುಗಿ. ಹೆಗಲಿಗೆ ಚೀಲ, ಕಾಲಿಗೆ ಸವೆದ ಬೂಟು. ಇಡೀ ದಿನ ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. ಕುಡಿಯಲು ನೀರು ಮಾತ್ರ ತೆಗೆದುಕೊಂಡಳು.

ಕಪ್ಪು ಕೋಟಿನವರು ಬಂದು ಕೋಟು ಒಯ್ದರು. ಅಳತೆ ಕೊಡಲು ಒಬ್ಬರು. ದಾರಿ ಕೇಳಲು ಇನ್ನೊಬ್ಬ. ಅಷ್ಟೇ.

ಒಮ್ಮೆ ಹಿಂಬಾಗಿಲು ಬಡಿದ ಸದ್ದು. ಜೋರಾಗಿ ಕೆಮ್ಮಿದೆ. ಮತ್ತೆ ಬಡಿದರು. ಸದ್ದು ಮುಚ್ಚಲು ಖಾಲಿ ಮೆಷಿನ್ ತುಳಿದೆ, ಬಟ್ಟೆಯನ್ನೇ ಇಡದೆ. ಹೋದರು.

"ಬಹಳ ಅಚ್ಚುಕಟ್ಟಾಗಿದೆ ಅಂಗಡಿ" ಅಂದಳು ಹೋಗುವಾಗ. ಖುಷಿಯಾಯಿತು.

ಮಾರ್ಚ್ 26

ಕಂಪನಿಯಿಂದ ಫೋನ್ ಬಂತು. ವರಮಾನ ಸಾಲದು. ಕೆಲಸ ಕಡಿಮೆ. ಅಂಗಡಿ ಖಾಲಿ ಕಂಡಿತಂತೆ.

ಬೀಗದವನು ತನ್ನ ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಚೀಲಗಳನ್ನು ತಂದುಕೊಟ್ಟ. ವಿಷಯ ತಿಳಿದು ತಲೆ ಮೇಲೆ ಕೈಯಿಟ್ಟ.

"ಡಾಕ್ಟ್ರ ಹತ್ರ ಹೋಗೋವಾಗ ಜ್ವರ ಮನೇಲಿ ಬಿಟ್ಟು ಹೋದ ಹಾಗಾಯ್ತಲ್ಲಕ್ಕಾ!"

ಬೈಯಬೇಕಿತ್ತು. ಚೀಲ ಎಣಿಸಿ ಒಳಗಿಟ್ಟೆ. ಮಗ ಊಟದ ತಟ್ಟೆ ತಳ್ಳಿ ಎದ್ದ. "ನಿನ್ನ ಬೋರ್ಡು ಉಳೀತಮ್ಮ. ತಗೊಂಡು ಹೋಗಿ ಯಾರ ಗೋಡೆಗೆ ಹೊಡಿಯೋಣ ಹೇಳು."

ಏಪ್ರಿಲ್ 3

ಎಂಟು ದಿನ ಬರೆಯಲಿಲ್ಲ. ಏನು ಬರೆಯುವುದು.

ಇವತ್ತು ಆ ಹುಡುಗಿಗೆ ಫೋನ್ ಮಾಡಿದೆ. ಮುಚ್ಚಿಟ್ಟಿದ್ದೆ ಅಂತ ಹೇಳಿದೆ. ಏನನ್ನು ಅಂತ ಕೇಳಿದಳು. ಹಳೆ ಬಟ್ಟೆ ಅಂದೆ. ಅವಳು ನಗಲಿಲ್ಲ. ಇನ್ನೊಮ್ಮೆ ಬರುತ್ತೇನೆ ಅಂದಳು.

ಏಪ್ರಿಲ್ 6

ಬಂದಳು. ಹಿಂಬಾಗಿಲು ತೆರೆದೇ ಇಟ್ಟಿದ್ದೆ. ಬೆಳಗಿನಿಂದ ಜನ. ಸೊಸೆ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದಳು. ನನಗೆ ಒಬ್ಬರ ಹೆಸರೂ ಗೊತ್ತಿಲ್ಲ.

ಹುಡುಗಿ ಒಂದು ಹಾಸಿಗೆ ಬಟ್ಟೆ ಬೆಳಕಿಗೆ ಹಿಡಿದಳು. "ಎಲ್ಲಿ ಹರಿದಿತ್ತು ಅಂತಾನೇ ಗೊತ್ತಾಗಲ್ಲ. ಯಾರು ಮಾಡಿದ್ದು?"

'ನಾವೇ' ಅನ್ನುವುದು ನಾಲಿಗೆ ತುದಿಯಲ್ಲಿತ್ತು.

"ಸೊಸೆ."

"ತಿಂಗಳಿಗೆ ಎಷ್ಟು ಕೊಡ್ತೀರಾ ಇವ್ರಿಗೆ?"

ಮನೆಯವಳಿಗೆ ಎಂಥ ಸಂಬಳ. ಹಾಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ, "ಕೇಳಿದ್ರೆ ಕೊಡ್ತಾರೆ" ಅಂದಳು. ನನ್ನ ಮಾನ ಕಾಯಲು.

"ಕೇಳ್ತೀರಾ?" ಹುಡುಗಿ ಅವಳತ್ತ ತಿರುಗಿದಳು.

"ಇಲ್ಲ."

ಹುಡುಗಿ ಏನನ್ನೂ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು. ನಾನು ನೆಲ ನೋಡುತ್ತಿದ್ದೆ. ಈ ಅಂಗಡಿಯಲ್ಲಿ ನಾನು ನೆಲ ನೋಡಿ ನಿಂತದ್ದು ಇದೇ ಮೊದಲು.

ಆಮೇಲೆ ಲೆಕ್ಕ ಹೇಳಿದಳು. ವರಮಾನದ ಮೂರು ಪಾಲಿನಲ್ಲಿ ಎರಡು ಪಾಲು ಹಿಂದಿನ ಕೋಣೆಯದು. ಸಾಲ ಆಗುತ್ತದೆ, ಸೊಸೆ ಮೊದಲ ಹೆಸರಾದರೆ. ಮನೆ ಪತ್ರವೂ ಹಾಗೆಯೇ. "ನೀವು ಎರಡನೇ ಹೆಸರು ಇರ್ಬಹುದಮ್ಮಾ."

ಇರಬಹುದಂತೆ.

ಏಪ್ರಿಲ್ 10

ಕೊನೆಗೆ ಸೊಸೆಯನ್ನು ಕೇಳಿದೆ. ಅವಳು ದಾದಿಯರ ಅಂಗಿ ಮಡಿಸುತ್ತಿದ್ದಳು. ನಾನು ನಿಂತೇ ಇದ್ದೆ.

"ಸಹಿ ಹಾಕ್ತೀಯಾ?"

"ಕಂತು ನನ್ನ ಹೆಸರಲ್ಲಿ ಬರತ್ತೆ ಅಲ್ವಾ ಅತ್ತೆ?"

"ಹೌದು."

"ಹಾಗಿದ್ರೆ ಹಿಂಬಾಗಿಲಿನ ದುಡ್ಡು ನನ್ನ ಕೈಗೇ ಬರ್ಲಿ. ಕಟ್ಟೋಳು ನಾನಲ್ವಾ." ಇನ್ನೊಂದು ಅಂಗಿ ಮಡಿಸಿದಳು. "ಮತ್ತೆ ಕಿಟಕಿ ಹತ್ರ ಕೂರ್ತೀನಿ ನಾನು. ಮುಂದೆ."

ಅದು ನನ್ನ ಜಾಗ. ಯಜಮಾನರು ತೀರಿಹೋದ ಮೇಲೆ ಅಲ್ಲಿ ಕೂತೇ ಮಗನನ್ನು ಬೆಳೆಸಿದ್ದು.

"ತೇಪೆ ಹಾಕೋದು ಬೀದಿಗೆಲ್ಲ ಕಾಣತ್ತಲ್ಲೇ."

"ಕಾಣ್ಲಿ ಬಿಡಿ."

ನೋಡೋಣ ಅಂದೆ. ಆಯ್ತು ಅತ್ತೆ, ನೋಡಿ ಅಂದಳು. ದನಿ ಏರಿಸಲಿಲ್ಲ. ಅವಳು ಸುಮ್ಮನಿರುವುದೆಲ್ಲ ಒಪ್ಪಿಗೆ ಅಂದುಕೊಂಡಿದ್ದೆ.

ಏಪ್ರಿಲ್ 13

ಹ್ಞೂಂ ಅಂದೆ.

ಏಪ್ರಿಲ್ 25

ಸಾಲ ಮಂಜೂರಾಯಿತು. ಕಂಪನಿಯ ಕಚೇರಿಯಲ್ಲಿ ಒಂದೇ ಕುರ್ಚಿ ಇತ್ತು. ಅಭ್ಯಾಸಬಲ, ನಾನು ಕೂತೆ. ಗುಮಾಸ್ತ "ಮೊದಲ ಹೆಸರಿನೋರು ಕೂತ್ಕೊಳ್ಳಿ" ಅಂದ. ಎದ್ದೆ. ಸೊಸೆ ಕೂರಲಿಲ್ಲ. ಇಬ್ಬರೂ ನಿಂತೇ ಸಹಿ ಹಾಕಿದೆವು. ಮನೆ ಸಿಗುವುದಿಲ್ಲ ಅಂತ ಔಷಧಿ ಅಂಗಡಿಯವನಿಗೆ ಮಾಲೀಕನೇ ಹೇಳಿದ. ಮಗ ಬೋರ್ಡು ಇಳಿಸಿದ.

ಏಪ್ರಿಲ್ 29, ಬೆಳಿಗ್ಗೆ ಹನ್ನೊಂದು

ಮಗನೂ ಬೀಗದವನೂ ಸೇರಿ ಜಾಗ ಬದಲಿಸಿದರು. ಸೊಸೆಯ ಮೇಜು ಮುಂದಿನ ಕಿಟಕಿಗೆ, ನನ್ನ ಮೆಷಿನ್ ಹಿಂದಿನ ಕೋಣೆಗೆ.

"ಏನಕ್ಕಾ, ಪಟ್ಟ ಬಿಟ್ಟುಕೊಟ್ರಾ?"

"ನಿನ್ನ ಅಂಗಡೀಲಿರೋ ದೊಡ್ಡ ಬೀಗ ಬಾಯಿಗೆ ಹಾಕ್ಕೋ ಹೋಗು."

ಅವರು ಹೋದ ಮೇಲೆ ಕೂತೆ. ಸೊಸೆಗೆ ಮುಂದೆ ಜನವೋ ಜನ. ಒಂದು ಅಂಗಿಯಾದರೂ ಮಾಡೋಣ ಅಂತ ತೆಗೆದುಕೊಂಡೆ. ಕಂಕುಳಲ್ಲಿ ಹರಿದದ್ದು. ಬಿಳಿ ಬಟ್ಟೆಗೆ ಬಿಳಿ ದಾರ. ಸೂಜಿಯ ಕಣ್ಣು ಸಿಗಲಿಲ್ಲ. ಕನ್ನಡಕ ಒರೆಸಿದೆ. ಮತ್ತೂ ಸಿಗಲಿಲ್ಲ.

"ದೀಪ ಹಾಕೇ" ಅಂತ ಕೂಗಿದೆ.

"ಹಾಕೇ ಇದೆ ಅತ್ತೆ" ಅಂದಳು ಮುಂದಿನಿಂದ.

ತಲೆಯೆತ್ತಿ ನೋಡಿದೆ. ಹಾಕಿತ್ತು. ಆ ಬಲ್ಬು ತಂದವಳು ನಾನು. ಅಂಗಡಿಯವನು ದೊಡ್ಡದು ಕೊಡಲಾ ಅಂದಿದ್ದ. ಬೇಡ, ಹಿಂದಿನ ಕೋಣೆಗೆ ಇಷ್ಟು ಸಾಕು ಅಂತ ನಾನೇ—